ಸಹಿಯಾದ ಮೇಲೆ ಸೇರಿಸಿದ ‘ಅತಿ ತುರ್ತು’

ಜಲಾಶಯ ಸುರಕ್ಷತಾ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿ ಕಳುಹಿಸಿದ ಎಚ್ಚರಿಕೆಯನ್ನು ನದೀತೀರದ ಸೈರನ್ ನಂಬಲಿಲ್ಲ, ಆದ್ದರಿಂದ ಕೂಗಲಿಲ್ಲ. ಗೇಟು ತೆರೆದಿರಿ, ನೀರು ಬಂತು, ನನ್ನ ಭಾವ ತೀರಿಕೊಂಡರು. ‘ಸೈರನ್ನಿನ ತಂತ್ರಾಂಶದಲ್ಲಿ ದೋಷ’ ಎಂದು ವರದಿ ಬರೆದು ಕೈ ತೊಳೆದುಕೊಂಡಿದ್ದೀರಿ. ಆ ತಂತ್ರಾಂಶ ಬರೆದವನು ನಾನು.

ಸಂದೇಶಕ್ಕೆ ಡಿಜಿಟಲ್ ಸಹಿ ಏಕೆ ಬಂತೆಂಬುದು ನಿಮಗೆ ಮರೆತಿರಬಹುದು. ಮೂರು ವರ್ಷದ ಹಿಂದೆ ಯಾರೋ ಕಿಡಿಗೇಡಿ ನಿಮ್ಮ ಹೆಸರಿನಲ್ಲಿ ಸುಳ್ಳು ಎಚ್ಚರಿಕೆ ಕಳುಹಿಸಿದ್ದ. ಸೈರನ್ ಕೂಗಿತು, ಓಡುವ ಗಡಿಬಿಡಿಯಲ್ಲಿ ಶಾಲೆಯ ಮೆಟ್ಟಿಲ ಮೇಲೆ ಮಕ್ಕಳು ಕಾಲ್ತುಳಿತಕ್ಕೆ ಸಿಕ್ಕಿದರು. ಅಂದಿನಿಂದ ನಿಮ್ಮ ಕಂಪ್ಯೂಟರು ಸಹಿ ಹಾಕಬೇಕು, ಸೈರನ್ ಅದನ್ನು ಪರೀಕ್ಷಿಸಿಯೇ ಕೂಗಬೇಕು. ಸಹಿಯಾದ ಮೇಲೆ ಒಂದು ಚುಕ್ಕಿ ಸೇರಿದರೂ ಸಂದೇಶ ತಿರಸ್ಕೃತ. ಅದು ದೋಷವಲ್ಲ, ಅದರ ಕೆಲಸವೇ ಅದು.

ಭಾವನ ಅಂತ್ಯಕ್ರಿಯೆ ಮುಗಿಸಿ ಬಂದವನು ಮೂರು ದಿನ ತಪ್ಪು ಹುಡುಕಿದೆ. ಸಹಿ ಪರೀಕ್ಷಿಸುವ ಲೈಬ್ರರಿಯನ್ನು, ಅಂದರೆ ಸಿದ್ಧ ತಂತ್ರಾಂಶದ ತುಣುಕನ್ನು, ಅದೇ ತಿಂಗಳು ಬದಲಿಸಿದ್ದೆ, ಮೊದಲ ಅನುಮಾನ ಅದರ ಮೇಲೆಯೇ. ಹಳೆಯದನ್ನು ಹಾಕಿ ನೋಡಿದೆ, ಫಲ ಅದೇ. ಸಹಿಯನ್ನು ತಾಳೆ ನೋಡಲು ನೀವು ಕೊಟ್ಟ ಡಿಜಿಟಲ್ ಕೀಲಿಯನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಿದೆ, ಸರಿಯಿತ್ತು. ಅಭ್ಯಾಸಕ್ಕೆಂದು ತಿಂಗಳಿಗೊಂದರಂತೆ ಬಂದ ಅಣಕು ಎಚ್ಚರಿಕೆಗಳೆಲ್ಲ ಪಾಸು. ಸೋತದ್ದು ಒಂದೇ, ನಿಜವಾದದ್ದು. ಕೊನೆಗೆ ಒಂದು ಅಣಕನ್ನೂ ಅದನ್ನೂ ಅಕ್ಕಪಕ್ಕ ಇಟ್ಟಾಗ ಕಂಡಿತು: ನಿಜವಾದದ್ದರ ತಲೆಯ ಮೇಲೆ ‘ಅತಿ ತುರ್ತು’ ಎಂಬ ಒಂದು ಸಾಲು ಹೆಚ್ಚಿತ್ತು.

ನಿಮ್ಮ ಆಪರೇಟರನ್ನು ಕೇಳಿದೆ. ತಲೆ ತಗ್ಗಿಸಿಕೊಂಡೇ ಹೇಳಿದರು: “ನಿಜವಾದ ಎಚ್ಚರಿಕೆಗೆ ಮೇಲ್ಗಡೆ ಹಾಗೆ ಇರ್ಲೇಬೇಕು ಅಂತ ಸಾಹೇಬ್ರು ಆರ್ಡರ್ ಮಾಡಿದ್ರು. ಸಹಿ ಆದ್ಮೇಲೆ ತಾನಾಗೇ ಸೇರ್ಕೊಳ್ಳುತ್ತೆ. ಅಣಕಿಗೆ ಎಲ್ಲಿಯ ತುರ್ತು ಅಂತ ಅದಕ್ಕೆ ಹಾಕಿಲ್ಲ.”

ಭೇಷ್! ಬರಿಯ ಅಭ್ಯಾಸಕ್ಕೆಲ್ಲ ಕೂಗುವ, ಪ್ರವಾಹ ಬಂದಾಗ ಮಾತ್ರ ಬಾಯಿ ಮುಚ್ಚುವ ಸೈರನ್. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದರೆ ಇದೇ ಅಲ್ಲವೇ? ಈಗಿನ ನಿಮ್ಮ ಸುತ್ತೋಲೆಯಂತೂ ಸಹಿ ಪರೀಕ್ಷೆಯನ್ನೇ ನಿಲ್ಲಿಸಿ ಎನ್ನುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಕೇ? ಆ ಮೆಟ್ಟಿಲ ಮೇಲೆ ಮತ್ತೆ ಯಾರ ಮಕ್ಕಳು ಬೀಳಬೇಕು?

ನನ್ನ ತಪ್ಪೂ ಇದೆ. ಸಹಿ ಹೊಂದದಿದ್ದರೆ ಸಂದೇಶವನ್ನು ಪಕ್ಕಕ್ಕಿಟ್ಟು ಸುಮ್ಮನಿರು ಎಂದು ಯಂತ್ರಕ್ಕೆ ಹೇಳಿಕೊಟ್ಟವನು ನಾನು. ಯಾರಿಗಾದರೂ ಫೋನ್ ಮಾಡು ಎಂದು ಹೇಳಿಕೊಡಬಹುದಿತ್ತು. ಹೊಳೆಯಲಿಲ್ಲ.

ಅಕ್ಕ-ಭಾವ ನದಿಯ ಪಕ್ಕ ಹೂಗಿಡಗಳ ನರ್ಸರಿ ನಡೆಸುತ್ತಿದ್ದರು. ನೀರಿನ ಬಣ್ಣ ಯಾಕೋ ಬದಲಾಗಿದೆ, ಹೊರಟುಬಿಡೋಣ ಎಂದು ಭಾವ ಅಂದರಂತೆ. ಅಕ್ಕ ಹೇಳಿದಳು: “ನನ್ನ ತಮ್ಮನ ಸೈರನ್ ಇನ್ನೂ ಕೂಗಿಲ್ಲ. ಕೆಳಗಿನ ಸಸಿಗಳನ್ನ ಎತ್ತಿಟ್ಟು ಬನ್ನಿ.” ಅವರು ಇಳಿದು ಹೋದರು.

ನನ್ನ ಪಾಲಿನದನ್ನು ಸರಿಪಡಿಸಿದ್ದೇನೆ. ಇನ್ನು ಮುಂದೆ ಸಹಿ ಹೊಂದದಿದ್ದರೆ ಸೈರನ್ನಿನ ಕಾವಲುಗಾರನಿಗೂ ನನಗೂ ನಿಮಗೂ ಫೋನ್ ಬರುತ್ತದೆ. ನೀವು ಸುತ್ತೋಲೆಯನ್ನು ಹಿಂಪಡೆಯಿರಿ. ಏನು ಸೇರಿಸುವುದಿದ್ದರೂ ಸಹಿಗೆ ಮೊದಲೇ ಸೇರಿಸಿ, ಅಣಕನ್ನೂ ಹಾಗೆಯೇ ಕಳುಹಿಸಿ. ವರದಿಯನ್ನು ತಿದ್ದಿ, ಅದರ ಪ್ರತಿಯನ್ನು ನೀವೇ ನನ್ನ ಅಕ್ಕನ ಮನೆಗೆ ಒಯ್ದು, ತಪ್ಪು ಅವಳದಲ್ಲ ಎಂದು ಹೇಳಿ ಬನ್ನಿ. ನಾನು ಹೇಳಿದರೆ, ಸಮಾಧಾನಕ್ಕೆ ಹೇಳುತ್ತಿದ್ದೀಯ ಎನ್ನುತ್ತಾಳೆ.

ಇಂತಿ,
ಸುಳ್ಳನ್ನು ತಡೆಯಲು ಹೋಗಿ ನಿಜವನ್ನೂ ತಡೆದವನು