ಖಾಡಿಯ ಅರವತ್ತು ಗೂಟ

೨ ಜುಲೈ ೨೦೨೪, ಮಂಗಳವಾರ. ಮುಂಜಾನೆ ೬
ಚಹಾ ಆತು. ಬಿ.ಪಿ. ಗುಳಿಗಿ ಆತು. ಮಗಳು ಮೀನಿನ ಫ್ಯಾಕ್ಟರಿಗೆ ಹೋದ್ಲು. ಮೊಮ್ಮಗಳು ಮಲ್ಲಿಕಾನ್ನ ಎಬ್ಬಿಸೂದು ನನ್ನ ಡ್ಯೂಟಿ — ಒಂಬತ್ತನೇ ಕ್ಲಾಸ್ ಆದ್ರೂ.

ಬಾಜೂಮನಿ ಹುಲಿಗೆಪ್ಪ ಬಂದು ಸಮುದ್ರದ ನೀರು ಒಳಗ ಬರೂ ಖಾಡಿ ದಂಡಿಗೆ ಕರ್ಕೊಂಡು ಹೋದ. ನಮ್ಮ ಓಣಿ ಹಿಂದ, ಕೆಸರಿನಾಗ, ಸಾಲಾಗಿ ಬಿದಿರು ಗೂಟ. ತುದಿಗೆ ಕೆಂಪು ಬಣ್ಣ. ನಂಬರ್ ಒಂದರಿಂದ ಅರವತ್ತು.

"ನೀವು ಕಾಲೇಜ್ ಕಲ್ತವ್ರು. ಏನ್ರಿ ಇದು?"

"ಸರ್ವೇ," ಅಂದೆ. "ಡಿಮಾಲಿಷನ್ ಸರ್ವೇ."

ಮತ್ತೇನು ಅನ್ಲಿ? ನಮ್ಮ ಹಳೇ ಮನಿ ಕೆಡವೂ ಮುಂಚೇನೂ ಹಿಂಗ ಕೆಂಪು ನಂಬರ್. ಎಂಟು ದಿನಕ್ಕ ಜೆಸಿಬಿ. ನನ್ನ ಹೆಂಡ್ತಿ ಮುರುಗೆವ್ವ ಮಳ್ಯಾಗ, ರಸ್ತಾದಾಗ, ಡಬ್ಬು ಹಾಕಿದ ಹಂಡೇದ ಮ್ಯಾಲೆ ಕುಂತಿದ್ಲು. ಆ ವರ್ಷಾನ ಹೋದ್ಲು...

ಮಧ್ಯಾಹ್ನ
ಇಬ್ರೂ ಕೂಡಿ ಕಿತ್ತಿವಿ. ಪ್ರತಿ ಗೂಟಕ್ಕ ನುಗ್ಗಿಕಾಯಿ ಹಂಗ ಒಂದು ಹಸಿರು ಕಡ್ಡಿ ಕಟ್ಟಿತ್ತು. ಗುರ್ತಿಗೆ ಇರಬೇಕು. ಗೂಟ ನೀರೊಲಿಗೆ. ಕಡ್ಡಿ ಗೋಣಿಚೀಲದಾಗ, ನನ್ನ ಮಂಚದ ಕೆಳಗ. ಎವಿಡೆನ್ಸ್ ಹೊರಗ ಕಾಣಬಾರದು.

೪ ಜುಲೈ, ಗುರುವಾರ. ಸಂಜಿ
ಜೆಸಿಬಿ ಬರ್ಲಿಲ್ಲ. ಮಲ್ಲಿಕಾ ಬಂದ್ಲು, ಅಳಕೋತ.

"ನಾವು ಹಚ್ಚಿದ ಮ್ಯಾಂಗ್ರೋವ್ ಯಾರೋ ಕಿತ್ತಾರ ಅಜ್ಜಾ. ಅರವತ್ತೂ."

ಭರಾವಿನ ಕಲ್ಲು-ಮಣ್ಣು ಸುರಿದು ಸತ್ತ ಖಾಡಿ ದಂಡೀನ್ನ ಶಾಲಿ ಮಕ್ಕಳು ಮತ್ತ ಹಸಿರು ಮಾಡಾಕತ್ತಾರಂತ. ಕಡ್ಡಿ ಅಲ್ಲ, ಸಸಿ. ನಂಬರ್ ಅಂದ್ರ ಯಾರ ಸಸಿ ಯಾವುದು ಅಂತ. ಇಪ್ಪತ್ಮೂರನೇದು ಈಕೀದು.

"ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ಬಿಡ್ತಿದ್ಯಾ? ಬಚ್ಚಲ ನೀರಿಗೂ ಅಂಜಾಂವ ನೀ."

ಖರೇ. ಖಾಡಿ ಕಡೆ ಹೋಗಬ್ಯಾಡ ಅಂದಾಂವ ನಾನ.

"ನಿಮ್ಮ ಘಾಂಟಿ ಮಂದೀದ ಕೆಲಸ" ಅಂದ್ರಂತ ಕ್ಲಾಸಿನಾಗ. ಘಟ್ಟ ಇಳಿದು ದುಡ್ಯಾಕ ಬಂದ ನಮ್ಮಂಥಾ ಹೊರಗಿನವರಿಗೆ ಇಲ್ಲೆ ಹಂಗ ಅಂತಾರ. ಈಕಿ ಎದ್ದು ನಿಂತು ಜಗಳಾಡ್ಯಾಳ — ನಮ್ಮ ಓಣ್ಯಾವರು ಅಂಥವರಲ್ಲ ಅಂತ.

ನಾಳೆ ಟೀಚರ್ ಜೋಡಿ ಫಾರೆಸ್ಟ್ ಗಾರ್ಡ್. ಮನಿ ಮನಿ ಕೇಳ್ತಾರಂತ. ಯಾವ ಖಾಕಿ ಬರಬಾರದಂತ ಕಿತ್ತೆನೋ, ಆ ಖಾಕೀನ ನಾನ ಕರಸಿದೆ. ಬಿಯಿಂಗ್ ಎಜುಕೇಟೆಡ್ ಪರ್ಸನ್...

೫ ಜುಲೈ, ಶುಕ್ರವಾರ. ಮುಂಜಾನೆ ೭
ಚೀಲ ಜಗ್ಗಿ ನೋಡಿದೆ. ಇನ್ನೂ ಹಸಿರು ಅದಾವು.

ಹುಲಿಗೆಪ್ಪ ಕಿಡಕ್ಯಾಗ ಪಿಸುಗುಟ್ಟಿದ: "ಚೀಲ ಒಗದುಬಿಡ್ರಿ. ಯಾರು ನೋಡ್ಯಾರ? ನಿಮ್ಮ ಸರ್ವೇ ಸಾಕಾತು ನಮಗ."

ಮಲ್ಲಿಕಾ ಬೂಟಿನ ದಾರ ಕಟಗೋತ ಅಂದ್ಲು, "ಇವತ್ತು ಸಿಕ್ರ ಬದುಕತಾವ ಅಜ್ಜಾ. ಒಣಗಿದ್ರ ಮುಗೀತು. ಮುಂದಿನ ಮಳಿಗಾಲದ ಮಟಾ ಬೀಜ ಇಲ್ಲ."

ಹೇಳಿದ್ರ — ಕೇಸು. ಓಣಿ ಹೆಸರು ಗಾರ್ಡಿನ ಕಾಗದದಾಗ. ಈಕಿ ಮಾತು ಕ್ಲಾಸಿನ ಮುಂದ ಸುಳ್ಳು. ಹೇಳದಿದ್ರ, ಚೀಲದಾಗ ಅರವತ್ತೂ...

ಹೊರಗ ಜೀಪ್ ನಿಂತ ಸಪ್ಪಳ. ಈಕಿ ಹೊಸ್ತಿಲ ದಾಟಾಕತ್ತಾಳ.

ಕರದೆ. ಹೊಳ್ಳಿ ನೋಡ್ಯಾಳ. "ಮಲ್ಲಿ, ಮಂಚದ ಕೆಳಗ —"