ಕೈ ಎತ್ತಿದವರು ಯಾರಾದರೇನು

ಮಾರ್ಚ್ 11, ಮಂಗಳವಾರ

ಅಕ್ಕಾ,

ಕ್ಷೇಮ. ನೀನೂ ಭಾವನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ಬೆಳಗಿನಿಂದ ಗಾಳಿ ಜೋರು. ಕ್ರೇನ್ ನಿಲ್ಲಿಸಿ ನನ್ನನ್ನು ಕೆಳಗೆ ಇಳಿಸಿದ್ದಾರೆ. ತಗಡಿನ ಶೆಡ್ಡಿನಲ್ಲಿ ಹೆಲ್ಮೆಟ್ಟುಗಳನ್ನು ಪಕ್ಕಕ್ಕೆ ಸರಿಸಿ ನಿನ್ನ ಪತ್ರಕ್ಕೆ ಉತ್ತರ ಬರೆಯುತ್ತಿದ್ದೇನೆ.

ನಿನ್ನ ಪತ್ರಕ್ಕಿಂತ ಮೊದಲೇ ನಿನ್ನ ಎಚ್ಚರಿಕೆ ನನ್ನನ್ನು ತಲುಪಿತ್ತು ಗೊತ್ತೇನು? ಭಾನುವಾರ ಆರಾಧನೆ ಮುಗಿಸಿ ಮೆಟ್ಟಿಲಿಳಿಯುವಾಗ ಆರ್ಗನ್ ನುಡಿಸುವ ಆಂಟಿ ಕೈ ಹಿಡಿದುಕೊಂಡು, "ನಿನಗೋಸ್ಕರ ತುಂಬಾ ಪ್ರಾರ್ಥನೆ ಮಾಡ್ತಾ ಇದ್ದೀವಮ್ಮ" ಎಂದರು. ನನಗೇನಾಗಿದೆ ಆಂಟಿ ಎಂದೆ. "ಅಯ್ಯೋ, ಅದು ಗುಟ್ಟಿನ ವಿಷಯ, ನಾನ್ಯಾಕೆ ಬಾಯಿ ಬಿಡ್ಲಿ?" ಎಂದು, ಮೂಗು ಒರೆಸಿಕೊಂಡು, ನಿಂತಲ್ಲೇ ಎಲ್ಲವನ್ನೂ ಬಾಯಿ ಬಿಟ್ಟರು. ನಿಮ್ಮೂರಿನ ಟೀಚರಮ್ಮ ಅವರ ಸ್ವಂತ ಅಕ್ಕನಂತೆ. ಮಹಿಳೆಯರ ಕೂಟದಲ್ಲಿ ನೀನು, "ಎತ್ತರದಲ್ಲಿ ಕೆಲಸ ಮಾಡುವ ಒಬ್ಬ ಸಹೋದರಿ ತಪ್ಪು ಹೆಜ್ಜೆ ಇಡದಿರಲಿ" ಎಂದು ಪ್ರಾರ್ಥನೆ ಕೇಳಿಕೊಂಡೆಯಂತೆ. ಹೆಸರು ಹೇಳಲಿಲ್ಲವಂತೆ! ಅಕ್ಕಾ, ಎತ್ತರದಲ್ಲಿ ಕೆಲಸ ಮಾಡುವ ಎಷ್ಟು ಜನ ಸಹೋದರಿಯರು ನಿಮ್ಮ ಕೂಟಕ್ಕೆ ಗೊತ್ತು?

ಕೋಪ ಬಂತು. ನಿನ್ನೆ ಬೆಳಿಗ್ಗೆ ಪತ್ರ ಕೈಗೆ ಬಂದಾಗ ಒಡೆಯದೆ ಹಾಗೇ ಇಟ್ಟುಬಿಡೋಣ ಎನ್ನಿಸಿತು. ಒಡೆದದ್ದು ಇಲ್ಲಿನ ಒಂದು ಪದ್ಧತಿಯ ದೆಸೆಯಿಂದ.

ಕ್ರೇನ್ ನಡೆಸಲು ಮೇಲೆ ಕೂತಾಗ ಕಟ್ಟಡದ ಹಿಂಬದಿ ನನಗೆ ಕಾಣಿಸುವುದಿಲ್ಲ. ಕೆಳಗೆ ನಿಂತು ಸಿಗ್ನಲ್ ಕೊಡುವವನ ಕೈಯೇ ನನ್ನ ಕಣ್ಣು. ಎತ್ತು, ಇಳಿಸು, ತಿರುಗಿಸು ಎಂದು ಅವನೊಬ್ಬನೇ ಹೇಳಬೇಕು, ಬೇರೆ ಯಾರು ಹೇಳಿದರೂ ನಾನು ಕೇಳುವ ಹಾಗಿಲ್ಲ. ಆದರೆ 'ನಿಲ್ಲಿಸು' ಎಂದು ಯಾರು ಕೈ ಎತ್ತಿದರೂ ನಿಲ್ಲಿಸಲೇಬೇಕು. ಮೊದಲು ನಿಲ್ಲಿಸು, ಆಮೇಲೆ ಯಾಕೆಂದು ಕೇಳು. ಒಮ್ಮೆ ಬಣ್ಣ ಬಳಿಯುವವನೊಬ್ಬ ಗೆಳೆಯನನ್ನು ಕರೆಯಲು ಕೈಗಳನ್ನು ಮೇಲೆತ್ತಿ ಆಡಿಸಿದ. ಕಬ್ಬಿಣದ ಕಟ್ಟು ನಡುಗಾಳಿಯಲ್ಲೇ ನಿಂತಿತು. ಎಲ್ಲರೂ ಅವನಿಗೆ ಬೈದರು. ಮೇಸ್ತ್ರಿ ಮಾತ್ರ, "ಬೈಬೇಡಿ, ನಾಳೆ ನಿಜವಾಗ್ಲೂ ಬೇಕಾದಾಗ ಕೈ ಎತ್ತೋಕೆ ಹೆದರ್ತಾನೆ" ಎಂದರು. ಇಂಥ ಕಡೆ ಕೆಲಸ ಮಾಡುವವಳು, ಒಡಹುಟ್ಟಿದವಳೇ ಕೈ ಎತ್ತಿದಾಗ ಮುಖ ತಿರುಗಿಸುವುದೆಂದರೇನು? ಒಡೆದು ಓದಿದೆ.

ನಿನ್ನ ಕನ್ನಡಕದ ಅಂಗಡಿಗೆ ಬಂದ ಹೆಂಗಸು ಫ್ರೇಮ್ ಹಾಕಿಕೊಂಡು ಫೋಟೋ ತೆಗೆದು ಗಂಡನಿಗೆ ಕಳಿಸಿದಳು. ಚೆನ್ನಾಗಿದೆಯಾ ಎಂದು ಕೇಳಿದಳು. ಅವನು ವಾಪಸ್ ಕರೆ ಮಾಡಿದಾಗ ಪರದೆಯ ಮೇಲೆ ಬಂದ ಮುಖವನ್ನು ನೀನು ನೋಡಿದೆ. ಇವನನ್ನೇ ಮದುವೆಯಾಗುತ್ತೇನೆ ಎಂದು ನಾನು ನಿನಗೆ ಕಳಿಸಿದ್ದ ಫೋಟೋದ ಮುಖ ಅದೇ. ನಾಲ್ಕು ಸಲ ಓದಿದೆ. ಓದಿದಷ್ಟೂ ಸಂಬಂಧವಿಲ್ಲದ ಪ್ರಶ್ನೆಗಳೇ ಹುಟ್ಟುತ್ತಿದ್ದವು. ಅವಳು ಯಾವ ಫ್ರೇಮ್ ತೆಗೆದುಕೊಂಡಳು? ಅವನು ಯಾವುದು ಚೆನ್ನಾಗಿದೆ ಎಂದ? ನಗುತ್ತಾ ಮಾತಾಡಿದನೇ?

ತನಗೆ ಯಾರೂ ಇಲ್ಲ ಎಂದು ನನ್ನ ಹತ್ತಿರ ಹೇಳಿದ್ದ. ನಂಬಿದ್ದೆ. ನನಗೆ ಸಿಗ್ನಲ್ ಕೊಡುವವನು ಅವನೇ, ದಿನವಿಡೀ ಟನ್ನುಗಟ್ಟಲೆ ಭಾರವನ್ನು ಅವನ ಕೈ ನಂಬಿ ಇಳಿಸುತ್ತೇನೆ, ಆ ಕೈ ಒಂದು ಸಲವೂ ತಪ್ಪಿಲ್ಲ. ಕೈ ಅಷ್ಟು ಸತ್ಯವಾದರೆ ಬಾಯಿಯೂ ಹಾಗೇ ಇರುತ್ತದೆ ಎಂದುಕೊಂಡೆ. ಪಾಸ್ಟರ್ ಬಳಿ ಹೋಗಿ ಭಾನುವಾರದ ಆರಾಧನೆಯಲ್ಲಿ ನಮ್ಮ ಮದುವೆಯ ಪ್ರಕಟಣೆ ಓದಿಸಿ ಎಂದು ಕೇಳುವುದಷ್ಟೇ ಬಾಕಿ ಇತ್ತು. ಅದನ್ನು ಅವನೇ ಮುಂದೂಡುತ್ತಿದ್ದ. ನಾನು ಪ್ರಾರ್ಥನೆ ಮಾಡಿರಲಿಲ್ಲವೇ ಎಂದು ನೀನು ಕೇಳಿದ್ದೀ. ಮಾಡಿದ್ದೆ. ತೀರ್ಮಾನ ಮಾಡಿಯಾದ ಮೇಲೆ ದೇವರ ಮುಂದಿಟ್ಟು ಸಹಿ ಹಾಕಿಸಿಕೊಳ್ಳುವಂಥ ಪ್ರಾರ್ಥನೆ.

ನಿನ್ನೆ ಟೀ ಹೊತ್ತಿನಲ್ಲಿ ಅವನನ್ನೇ ನೇರವಾಗಿ ಕೇಳಿದೆ.

"ನಿನಗೆ ಹೆಂಡತಿ ಇದ್ದಾಳಾ?"

"ಯಾರು ಹೇಳಿದ್ದು?"

"ಇದ್ದಾಳಾ, ಇಲ್ವಾ?"

"ಅದು ದೊಡ್ಡ ಕಥೆ."

"ಚಿಕ್ಕದಾಗಿ ಹೇಳು."

ಉಳಿದ ಟೀಯನ್ನು ಚೆಲ್ಲಿ ಎದ್ದ. ಇಲ್ಲದವನು ಇಲ್ಲ ಎನ್ನುತ್ತಾನೆ, ಯಾರು ಹೇಳಿದ್ದು ಎಂದು ಯಾಕೆ ಕೇಳುತ್ತಾನೆ? ನೀನು ಹೇಳಿದ್ದು ಸರಿ. ನನ್ನನ್ನು ತಡೆದೆ, ಉಪಕಾರವಾಯಿತು. ಬೇರೆ ಬ್ಲಾಕಿನ ಕ್ರೇನಿಗೆ ಹಾಕಿ ಎಂದು ಮೇಸ್ತ್ರಿಯನ್ನು ಕೇಳಿಕೊಂಡಿದ್ದೇನೆ. ಆ ವಿಷಯ ಮುಗಿಯಿತು, ನೀನು ನಿಶ್ಚಿಂತೆಯಿಂದಿರು.

ಈಗ ನಾನು ಕೈ ಎತ್ತುತ್ತೇನೆ, ನೀನು ನಿಲ್ಲು. ಅಪ್ಪ ಸಭೆಯ ಹಿರಿಯರಾಗಿದ್ದಾಗ ಯಾರಿಗಾದರೂ ಬುದ್ಧಿ ಹೇಳಬೇಕಾದರೆ ಮೊದಲು ಒಬ್ಬರೇ ಅವರ ಮನೆಗೆ ಹೋಗುತ್ತಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದು ಅಮ್ಮ ಕೇಳಿದರೆ, "ಕಾಲಾಡಿಸಿಕೊಂಡು ಬಂದೆ ಕಣೇ" ಎನ್ನುತ್ತಿದ್ದರು. ಸುವಾರ್ತೆಯಲ್ಲಿ ಕರ್ತನು ತೋರಿಸಿಕೊಟ್ಟ ಕ್ರಮ ಅದೇ ಅಲ್ಲವೇ, ಮೊದಲು ಇಬ್ಬರ ನಡುವೆ? ನೀನು ಕೂಟದಿಂದ ಶುರು ಮಾಡಿ ತಂಗಿಯ ಹತ್ತಿರ ಕೊನೆಗೆ ಬಂದೆ. ನಿನ್ನ ಮನಸ್ಸು ಒಳ್ಳೆಯದೇ, ಹೆದರಿದ್ದೀ ಎಂದೂ ಗೊತ್ತು. ಆದರೂ ಆ ಮೆಟ್ಟಿಲ ಮೇಲೆ ನಾನು ನಿಂತಿದ್ದ ಹಾಗೆ ಇನ್ನೊಬ್ಬಳು ನಿಲ್ಲಬಾರದು. ಮುಖ್ಯವಾಗಿ ಆ ಕನ್ನಡಕದವಳು. ಅವಳ ವಿಷಯ ಕೂಟದಲ್ಲಿ ಎತ್ತಬೇಡ. ಅವಳಿಗೆ ಹೇಳಬೇಕೋ ಬೇಡವೋ ನನಗೆ ತಿಳಿಯದು. ಹೇಳುವುದಾದರೆ ಅವಳೊಬ್ಬಳಿಗೇ ಹೇಳು.

ಬೈದೆನೆಂದು ಬೇಸರ ಮಾಡಿಕೊಳ್ಳಬೇಡ. ನೀನು ನನಗೆ ಬರೆದಿದ್ದಕ್ಕಿಂತ ಇದು ಮೆತ್ತಗೇ ಇದೆ.

ನಿನ್ನ ತಂಗಿ,
ಗುಬ್ಬಚ್ಚಿ

ತಾ.ಕ.: ಮುಗಿಯಿತು ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಶನಿವಾರ ಸಂಜೆ ನನ್ನ ಕೋಣೆಗೆ ಬಂದು ಎಲ್ಲವನ್ನೂ ವಿವರಿಸುತ್ತೇನೆ ಎಂದಿದ್ದಾನೆ, ನಾನು ಬೇಡ ಎನ್ನಲಿಲ್ಲ. ಕೇಳುವ ಕುತೂಹಲ ಅಷ್ಟೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಹಾಗಾದರೆ ಇವತ್ತು ಬೆಳಿಗ್ಗೆ ಕಿಟಕಿಗೆ ಹೊಸ ಪರದೆ ಯಾಕೆ ಹಾಕಿದೆ? ಶುಕ್ರವಾರವೇ ಬಸ್ಸು ಹತ್ತಿ ಬಾ ಅಕ್ಕಾ, ಎರಡು ದಿನ ನನ್ನ ಜೊತೆ ಇರು. ಯಾಕೆ ಹೊರಟೆ ಎಂದು ಕೂಟದವರು ಕೇಳಿದರೆ, ತಂಗಿಯ ಕೋಣೆಯ ಪರದೆ ನೋಡಿ ಬರುತ್ತೇನೆ ಎಂದು ಹೇಳು.