ಎಷ್ಟು ಹೊತ್ತು ನಿಲ್ಲಬೇಕು

ಚನ್ನರಾಯಪಟ್ಟಣ, ೧೯೪೧

ಅಪ್ಪಯ್ಯ,

ನೀನು ಹೋಗಿ ಆರು ವರ್ಷವಾಯಿತು, ಈ ಕಾಗದ ಯಾವ ಅಂಚೆ ಡಬ್ಬಿಗೂ ಬೀಳುವುದಿಲ್ಲ. ಆದರೆ ಇವತ್ತಿನ ಸಂಗತಿ ಕೇಳುವುದಕ್ಕೆ ನಿನ್ನ ಬಿಟ್ಟು ಯಾರಿದ್ದಾರೆ?

ನೀನು ಜಂಗಮನಾಗಿ ಗಂಟೆ, ಜೋಳಿಗೆ ಹಿಡಿದು ತಿರುಗಿದ ಊರುಗಳಲ್ಲೇ ನಾನೀಗ ಯೂನಿವರ್ಸಿಟಿ ಹಾಸ್ಟೆಲಿಗೆ ದೊಡ್ಡ ದಾನ ಕೇಳುತ್ತೇನೆ. ಕೋಟು, ರುಮಾಲು ಇರುವುದರಿಂದ ಯಾರೂ ಅದನ್ನು ಭಿಕ್ಷೆ ಅನ್ನುವುದಿಲ್ಲ. ಬೆಳಿಗ್ಗೆ ಕೊಬ್ಬರಿ ಮಂಡಿಯ ನೀಲಾಂಬಿಕೆಯಮ್ಮನ ಜಗಲಿಯಲ್ಲಿ ಕೂತು, ಕಟ್ಟಡದ ನಕ್ಷೆ ಬಿಚ್ಚಿ, ಅವರ ಹೆಸರು ಯಾವ ಕಲ್ಲಿನ ಮೇಲೆ ಬರುತ್ತದೆಂದು ಅರ್ಧ ಗಂಟೆ ವಿವರಿಸಿದೆ. ಆಕೆ ನಕ್ಷೆಯ ಕಡೆ ನೋಡಲೇ ಇಲ್ಲ.

"ನೀನು ಗಂಟೆ ಅಯ್ನೋರ ಮಗ ಅಲ್ವಾ? ನಿಮ್ಮಪ್ಪಾರು ಬಾಯ್ಬಿಟ್ಟು ಕೇಳ್ತಿರ್ಲಿಲ್ಲ ಕಣಪ್ಪ. ಗಂಟೆ ಬಾರ್ಸಿ, ಬಾಗ್ಲಲ್ಲಿ ಒಸಿ ಹೊತ್ತು ಸುಮ್ಕೆ ನಿಂತಿದ್ದು, ಮುಂದಕ್ಕೋಗೋರು. ನಾನೇ ಮೊರ ಹಿಡ್ಕಂಡು ಹಿಂದೆ ಓಡ್ತಿದ್ದೆ."

ನಕ್ಷೆ ಸುತ್ತಿಕೊಂಡು ಜಗಲಿ ಇಳಿದೆ. ಬಾಗಿಲೆದುರು ಸುಮ್ಮನೆ ನಿಂತೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಇಷ್ಟು ಸಾಕೆನ್ನಿಸಿ ಹೊರಟಾಗ ಬೆನ್ನ ಹಿಂದೆ ಆಕೆ ನಕ್ಕರು.

"ಬೋ ಬೇಗ ಹೊಂಟ್ಬುಟ್ಟೆ. ನಾಳಿಕ್ಕೆ ಬಾ, ನೋಡಾನ."

ನೀನು ಎಷ್ಟು ಹೊತ್ತು ನಿಲ್ಲುತ್ತಿದ್ದೆ, ಅಪ್ಪಯ್ಯ? ಮನಸ್ಸಿನಲ್ಲೇ ಮಂತ್ರ ಹೇಳಿಕೊಳ್ಳುತ್ತಿದ್ದೆಯಾ, ಇಲ್ಲ ಒಳಗೆ ಮೊರ ಎತ್ತುವ ಸದ್ದಿಗೆ ಕಿವಿಗೊಡುತ್ತಿದ್ದೆಯಾ? ನೀನು ಹಾಗೆ ನಿಲ್ಲುವುದನ್ನು ನಾನು ಒಂದು ಸಲ ನೋಡಿದ್ದರೂ ನಾಳೆಗೆ ಸಾಕಾಗುತ್ತಿತ್ತು. ಶಾಲೆ ಸೇರಿದಾಗಿನಿಂದ, ನಿನ್ನ ಗಂಟೆ ಕೇಳಿಸಿದೊಡನೆ ನಾನು ಪಕ್ಕದ ಬೀದಿಗೆ ತಿರುಗಿಬಿಡುತ್ತಿದ್ದೆ.